ಅಪರಾಧಿ ತಪ್ಪಿಸಿಕೊಂಡನೆ?

ಕಥೆಯ ಪಾಪಿಯು ಕೊನೆಯ ಪುಟದೊಳಗಾಗಿ ಪೋಲೀಸರ ಕೈಗೆ ಸಿಕ್ಕಲೇಬೇಕು, ಇಲ್ಲವಾದರೆ ಓದಿದವರ ನಡತೆ ಕೆಟ್ಟೀತು ಎಂದು ವಾದಿಸುವ ಸಜ್ಜನರು ಎಲ್ಲ ಕಾಲದಲ್ಲಿಯೂ ಇರುವರು. ಅಮೆರಿಕದ ಚಲಚ್ಚಿತ್ರೋದ್ಯಮವು ಇಂಥ ವಾದಕ್ಕೆ ಕಟ್ಟಳೆಯ ರೂಪವನ್ನೇ ಕೊಟ್ಟುಕೊಂಡಿದ್ದಿತು. ೧೯೩೦ರಲ್ಲಿ ರಚಿತವಾಗಿ ೧೯೩೪ರಿಂದ ಬಿಗಿಯಾಗಿ ಜಾರಿಗೆ ಬಂದ ಆ ಸಂಹಿತೆಯು, ಪ್ರೇಕ್ಷಕರ ಸಹಾನುಭೂತಿಯು ಅಪರಾಧದ ಕಡೆಗೆ ವಾಲಕೂಡದೆಂದು ವಿಧಿಸಿತ್ತು. ೧೯೬೮ರಲ್ಲಿ ಸಂಹಿತೆ ಅಳಿಯಿತು; ವಾದ ಮಾತ್ರ ಅಳಿದಿಲ್ಲ. ಅದನ್ನು ಒಂದು ಚಿತ್ರದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ‘ಸ್ಕಾರ್ಲೆಟ್ ಸ್ಟ್ರೀಟ್’ ೧೯೪೫ರ ಚಿತ್ರ; ಫ್ರೆಂಚರು ‘ನುವಾರ್’, ಎಂದರೆ ಕಪ್ಪು, ಎಂದು ಹೆಸರಿಟ್ಟ ವರ್ಗಕ್ಕೆ ಸೇರಿದುದು. ಕ್ರಿಸ್ಟಫರ್ ಕ್ರಾಸ್ ಎಂಬ ಸಾಧು ಗುಮಾಸ್ತನು ೨೫ ವರ್ಷ ಒಬ್ಬ ಧಣಿಯ ಹಣದ ಲೆಕ್ಕ ನೋಡಿ ಬಂಗಾರದ ಗಡಿಯಾರವನ್ನು ಬಹುಮಾನವಾಗಿ ಪಡೆದವನು. ಬಿಡುವಿನಲ್ಲಿ ಚಿತ್ರ ಬರೆಯುವವನು. ಕಿಟಿ ಎಂಬ ತರುಣಿಯ ಮೋಹಕ್ಕೆ ಸಿಕ್ಕಿ ಮನೆಯ ಹಣವನ್ನೂ ಧಣಿಯ ಹಣವನ್ನೂ ಕದಿಯುತ್ತಾನೆ. ಅವಳ ಪ್ರಿಯನಾದ ಜಾನಿ ಇವನ ಚಿತ್ರಗಳನ್ನು ಅವಳ ಹೆಸರಿನಲ್ಲಿ ಮಾರಿಸುತ್ತಾನೆ. ಕೊನೆಗೆ ಅವಳು ಇವನ ಪ್ರೇಮವನ್ನು ಕಂಡು ನಗಲು, ಮಂಜುಗಡ್ಡೆ ಒಡೆಯುವ ಚೂಪಾದ ಆಯುಧದಿಂದ ಅವಳನ್ನು ಇರಿದು ಕೊಲ್ಲುತ್ತಾನೆ. ಪಾಪ ಮಾಡಿದವನು ಕ್ರಾಸ್. ವಿದ್ಯುತ್ ಕುರ್ಚಿಯಲ್ಲಿ ಸತ್ತವನು ಜಾನಿ.

೧೯೪೬ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಪರೀಕ್ಷಕರು ಇದು ಅನೀತಿಕರವೆಂದು ಪ್ರದರ್ಶನವನ್ನು ತಡೆದರು. ಅಟ್ಲಾಂಟಾ ನಗರವೂ ನಿಷೇಧಿಸಿತು. ಚಿತ್ರದ ಪರ ವಹಿಸಿದವರ ಉತ್ತರ ಸಿದ್ಧವಾಗಿಯೇ ಇದೆ: ಕಾನೂನು ಹಿಡಿಯದಿದ್ದರೇನು, ಅಂತರಾತ್ಮವು ಹಿಡಿಯಿತಲ್ಲ! ಸತ್ತವರಿಬ್ಬರ ಪಿಸುಮಾತು ಅವನನ್ನು ಇರುಳೆಲ್ಲ ಕಾಡುತ್ತದೆ. ನೇಣು ಹಾಕಿಕೊಂಡರೆ ನೆರೆಯವರು ಬದುಕಿಸುತ್ತಾರೆ. ಪೋಲೀಸರೊಡನೆ ತಪ್ಪೊಪ್ಪಿಕೊಂಡರೆ ಹುಚ್ಚನೆಂದು ಅಟ್ಟುತ್ತಾರೆ.

ಈ ಉತ್ತರವು ನಿಜವೇ ಆದರೂ ಸಾಲದು ಎಂಬುದು ನಮ್ಮ ಅಭಿಪ್ರಾಯ. ಆಕ್ಷೇಪಿಸಿದವರೂ ಸಮರ್ಥಿಸಿದವರೂ ಒಂದೇ ಲೆಕ್ಕವನ್ನು ಹಾಕುತ್ತಿದ್ದಾರೆ: ಕ್ರಾಸನಿಗೆ ತಕ್ಕ ಶಿಕ್ಷೆ ಸಂದಿತೇ, ಇಲ್ಲವೇ? ಜಾನಿಯ ಲೆಕ್ಕವನ್ನು ಕೇಳುವವರಾರು? ಅವನು ಧೂರ್ತನು, ಹೆಣ್ಣನ್ನು ಹೊಡೆಯುವವನು, ನಿಜ. ಆದರೆ ಈ ಕೊಲೆಯನ್ನು ಅವನು ಮಾಡಲಿಲ್ಲ. ನ್ಯಾಯಸ್ಥಾನದಲ್ಲಿ ಸಾಕ್ಷಿಯಾಗಿ ನಿಂತ ಕ್ರಾಸನು ತನಗೆ ಚಿತ್ರ ಬರೆಯಲು ಬಾರದೆಂದು ಸುಳ್ಳು ನುಡಿಯುತ್ತಾನೆ. ಮೊದಲ ಕೊಲೆ ಕ್ಷಣದ ಕೋಪದಲ್ಲಿ ಆದುದು. ಎರಡನೆಯದು ಸಾವಧಾನವಾಗಿ, ಪ್ರಮಾಣವಚನ ಮಾಡಿ, ಸಂಸ್ಥಾನದ ಕೈಯಿಂದ ಮಾಡಿಸಿದುದು. ಆ ಒಂದು ಸುಳ್ಳಿನಿಂದ ಅವನು ಒಬ್ಬನ ಪ್ರಾಣವನ್ನೂ ತನ್ನ ಕಲೆಯನ್ನೂ ಒಟ್ಟಿಗೆ ಕಳೆದನು. ಮುಂದೆ ಭಿಕಾರಿಯಾಗಿ ಬೀದಿಯಲ್ಲಿ ನಡೆಯುವಾಗ, ತಾನು ಬರೆದ ಕಿಟಿಯ ಚಿತ್ರವು ೧೦,೦೦೦ ಡಾಲರಿಗೆ ಮಾರಾಟವಾಗಿ ಹೋಗುವುದನ್ನು ಕಾಣುತ್ತಾನೆ, ನನ್ನದೆನ್ನಲು ಬಾಯಿಲ್ಲ.

ಸಜ್ಜನರನ್ನು ನಾವು ಕೇಳುವುದಿಷ್ಟೆ: ಪ್ರತಿಯೊಂದು ಕಥೆಯಲ್ಲಿಯೂ ಕಾನೂನು ತಪ್ಪದೆ ನಿಜವಾದ ಅಪರಾಧಿಯನ್ನೇ ಹಿಡಿಯುವುದಾದರೆ, ಓದುಗನು ಕಲಿಯುವ ನೀತಿ ಯಾವುದು? ದಂಡನೆಗೆ ಒಳಗಾದವನೆಲ್ಲ ದಂಡ್ಯನೇ ಎಂಬುದಲ್ಲವೆ? ಇದಕ್ಕಿಂತ ಅಪಾಯದ ಪಾಠ ಯಾವುದಿದೆ? ಇದನ್ನು ನಂಬಿದ ಸಮಾಜದಲ್ಲಿ ನಿರಪರಾಧಿಯ ಮೊರೆ ಯಾರ ಕಿವಿಗೂ ಬೀಳದು. ತಿಳಿದೂ ಸುಮ್ಮನಿದ್ದ ಸಾಕ್ಷಿಯು ಸಂಭಾವಿತನಾಗಿಯೇ ಬಾಳುವನು.

ಕೊಲೆ ಮಾಡಬಾರದೆಂಬುದನ್ನು ಕಲಿಯಲು ನಮ್ಮಲ್ಲಿ ಬಹುಮಂದಿಗೆ ಚಿತ್ರದ ಅವಶ್ಯಕತೆಯಿಲ್ಲ. ಆಡಬೇಕಾದ ಕಡೆ ಮೌನವಾಗಿರುವುದೂ ಕೊಲೆಯಾಗಬಲ್ಲುದು ಎಂಬುದನ್ನು ಕಲಿಯಲು ಉಂಟು. ಅದನ್ನು ಕಲಿಸಿದ ಚಿತ್ರವನ್ನು ಅನೀತಿಕರವೆಂದವರು ನೀತಿಯನ್ನು ಪೋಲೀಸು ಠಾಣೆಯಲ್ಲಿ ಹುಡುಕಿದರು. ಅದು ಸಾಕ್ಷಿಯ ಕಟಕಟೆಯಲ್ಲಿ ನಿಂತಿದ್ದಿತು.