ಸಾಲಿ ಹುಡುಗನ ನಾಲಿಗೆಗೆ ಕೆಂಪು ಶಾಯಿ ಬಳಿಯುವವರೇ, ಕೇಳಿ!

"ನಮ್ಮ ಮನಿ ಮುಂದ ಬೇವಿನ ಗಿಡ ಐತಿ."

ಹಾನಗಲ್ ತಾಲ್ಲೂಕಿನ ಹಳ್ಳಿಯ ಸಾಲಿಯೊಂದರಲ್ಲಿ, ಎರಡನೇ ಇಯತ್ತೆಯಲ್ಲಿದ್ದಾಗ ನಾನು ಬರೆದ ವಾಕ್ಯ ಇದು. ಮಾಸ್ತರರು ಕೆಂಪು ಪೆನ್ನು ತೆಗೆದರು. 'ಮನಿ' ತಪ್ಪು, 'ಮುಂದ' ತಪ್ಪು, 'ಗಿಡ' ತಪ್ಪು, 'ಐತಿ' ತಪ್ಪು. ಆರು ಪದಗಳಲ್ಲಿ ನಾಲ್ಕು ಹೋದವು. ಉಳಿದದ್ದು 'ನಮ್ಮ' ಮತ್ತು 'ಬೇವಿನ'. ಅಂದರೆ ಕಹಿ ಮಾತ್ರ ನಮ್ಮದು!

ಮೊನ್ನೆ ಊರಿಗೆ ಹೋದಾಗ ಅಣ್ಣನ ಮಗನ ಕಥೆ ಕೇಳಿದೆ. ಅವನು ಇಂಗ್ಲಿಷ್ ಮಾಧ್ಯಮದ ಒಂದನೇ ಕ್ಲಾಸು. ಚಿತ್ರ ತೋರಿಸಿ ಮೇಡಂ ಕೇಳಿದರಂತೆ, ಇದೇನು? ಹುಡುಗ 'ಗಿಡ' ಅಂದ. ಗಿಡ ಅಲ್ಲ, ಮರ ಅನ್ನು. ಮರ ಅಂದ. ಮರ ಅಲ್ಲ, ಟ್ರೀ ಅನ್ನು. ಆರು ವರ್ಷದ ಮಗು ಒಂದೇ ನಿಮಿಷದಲ್ಲಿ ಎರಡು ಸಲ ದಡ್ಡನಾಯಿತು. ನನ್ನ ಕಾಲಕ್ಕೆ ಒಂದು ಪೆಟ್ಟು, ಅವನ ಕಾಲಕ್ಕೆ ಎರಡು. ಇದೇ ಏನು ಸ್ವಾಮಿ, ಶಿಕ್ಷಣದ ಪ್ರಗತಿ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಬೆಂಗಳೂರಿನ ಗೆಳೆಯರೇ, ಈ ಹೆಸರುಗಳು ನಿಮಗೆ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಗೊತ್ತಿರಬಹುದು. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಸೀಮೆ ಇದು. ಕನಕದಾಸರ ಬಾಡ ಇಲ್ಲಿದೆ. ಸರ್ವಜ್ಞ ತಮ್ಮವನೇ ಎಂದು ಅಬಲೂರು, ಮಾಸೂರಿನ ಜನ ಎದೆ ತಟ್ಟಿಕೊಳ್ಳುತ್ತಾರೆ. ಶಿಶುನಾಳ ಶರೀಫರು ಶಿಗ್ಗಾಂವಿ ತಾಲ್ಲೂಕಿನವರು. ಕೆಲಕಾಲ ಅವರೂ ಸಾಲಿ ಮಾಸ್ತರರೇ. ಅವರು ಹಾಡು ಕಟ್ಟಿದ್ದು ಪಠ್ಯಪುಸ್ತಕದ ಕನ್ನಡದಲ್ಲಲ್ಲ, ಇದೇ ಸೀಮೆಯ ಬಾಯಿಮಾತಿನಲ್ಲಿ. 1990ರಲ್ಲಿ ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಸಿ. ಅಶ್ವತ್ಥ್ ಅವರ ದನಿಯಲ್ಲಿ ಆ ಪದಗಳು ಮನೆಮನೆ ಸೇರಿದವು. ನೀವೂ ಚಪ್ಪಾಳೆ ತಟ್ಟಿದಿರಿ. ಅದೇ ಊರಿನ ಹುಡುಗ ನಿಮ್ಮ ಹಾಸ್ಟೆಲ್ಲಿಗೆ ಬಂದು 'ಹೌದ್ರಿ' ಅಂದರೆ ಕಿಸಕ್ಕೆಂದು ನಗುತ್ತೀರಿ! ಶರೀಫರ ಬಾಯಲ್ಲಿ ಅನುಭಾವ, ನಮ್ಮ ಬಾಯಲ್ಲಿ ಕಾಮಿಡಿ ಟ್ರ್ಯಾಕು?

ಇನ್ನೊಂದು ವಿಚಿತ್ರ ನೋಡಿ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ತೆರೆದರು. ಜನರ ಮಾತನ್ನು ಅಲ್ಲಿ ಅಧ್ಯಯನ ಮಾಡಿದರೆ ಡಾಕ್ಟರೇಟು. ಪಕ್ಕದೂರಿನ ಮಗು ಅದೇ ಮಾತನ್ನು ಸಾಲಿಯಲ್ಲಿ ಆಡಿದರೆ ಕೆಂಪು ಶಾಯಿ!

ಇದು ಅಶುದ್ಧ ಕನ್ನಡ ಎನ್ನುವ ಪಂಡಿತರಿಗೆ ಒಂದು ಲೆಕ್ಕ ಒಪ್ಪಿಸುತ್ತೇನೆ. ಮನೆ ಮನಿಯಾಗುತ್ತದೆ, ತಲೆ ತಲಿ, ಎಲೆ ಎಲಿ, ಶಾಲೆ ಸಾಲಿ, ಕೂರಿಗೆ ಕೂರಿಗಿ, ಕುಂಟೆ ಕುಂಟಿ. ಕೊನೆಯ 'ಎ' ನಮ್ಮಲ್ಲಿ 'ಇ' ಆಗುತ್ತದೆ. ಇದು ಮನಸ್ಸಿಗೆ ಬಂದಂತೆ ಮಾಡಿದ ತಪ್ಪಲ್ಲ, ನಿಯಮ. ಯಾರೂ ಕಲಿಸದೆ ಮಗು ಅದನ್ನು ಪಾಲಿಸುತ್ತದೆ. ಇನ್ನು ನಿಮ್ಮದನ್ನು ನೋಡೋಣ. ಪುಸ್ತಕದಲ್ಲಿರುವುದು 'ಹೋಗುತ್ತೇನೆ'. ಬೆಂಗಳೂರಿನವರು ಆಡುವುದು 'ಹೋಗ್ತೀನಿ'. ನಾವು ಆಡುವುದು 'ಹೋಗತೇನಿ'. ಪುಸ್ತಕಕ್ಕೆ ಹತ್ತಿರ ಇರುವುದು ಯಾವುದು? ನೀವೇ ಹೇಳಿ! ಬೆಂಗಳೂರಿನವರು ಆಡಿದ್ದು ಶುದ್ಧ ಅನಿಸುವುದು ವ್ಯಾಕರಣದಿಂದಲ್ಲ, ವಿಧಾನಸೌಧ ಅಲ್ಲಿರುವುದರಿಂದ.

ಹಾಗಾದರೆ ಪಠ್ಯಪುಸ್ತಕವನ್ನೆಲ್ಲ ನಮ್ಮ ಆಡುಮಾತಿನಲ್ಲಿ ಬರೆಯಬೇಕೇ? ಬೇಡ. ನಮ್ಮ ಮಕ್ಕಳಿಗೆ ಗ್ರಂಥದ ಕನ್ನಡವೂ ಬೇಕು, ಇಂಗ್ಲಿಷೂ ಬೇಕು. ಹೊಲ ಮಾರಿ ಕಾನ್ವೆಂಟಿಗೆ ಫೀ ಕಟ್ಟುವ ನಮ್ಮೂರಿನ ರೈತನನ್ನು ಬೈಯುವ ಹಕ್ಕು, ತಮ್ಮ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಇಲ್ಲಿ ಭಾಷಣ ಬಿಗಿಯುವವರಿಗೆ ಇಲ್ಲ. ನಮ್ಮ ತಕರಾರು ಬೇರೆ. ಮೇಲಿನ ಮೆಟ್ಟಿಲು ಹತ್ತಿಸುವ ನೆಪದಲ್ಲಿ ಕೆಳಗಿನ ಮೆಟ್ಟಿಲನ್ನು ಯಾಕೆ ಒಡೆಯುತ್ತೀರಿ?

ಇಂಗ್ಲಿಷಿನವರ ನಾಡಿನಲ್ಲೇ ಈ ಜಗಳ ನಡೆದಿದೆ. ಅಮೆರಿಕದ ಆನ್ ಆರ್ಬರ್ ಎಂಬ ಊರಿನ ಕಪ್ಪು ಮಕ್ಕಳು ಮನೆಯಲ್ಲಿ ಆಡುತ್ತಿದ್ದ ಇಂಗ್ಲಿಷೇ ಬೇರೆ, ಶಾಲೆಯ ಇಂಗ್ಲಿಷೇ ಬೇರೆ. ಮಕ್ಕಳು ಓದಿನಲ್ಲಿ ಹಿಂದೆ ಬಿದ್ದರು, ಮನೆಯವರು ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ತೀರ್ಪು ಕೊಟ್ಟರು. ಮಕ್ಕಳ ಮನೆಮಾತನ್ನು ಶಿಕ್ಷಕರು ಅರಿತುಕೊಳ್ಳಬೇಕು, ಆ ಅರಿವಿನಿಂದಲೇ ಶಿಷ್ಟ ಇಂಗ್ಲಿಷ್ ಓದಲು ಕಲಿಸಬೇಕು, ಅದಕ್ಕೆ ಶಾಲಾ ಆಡಳಿತ ಯೋಜನೆ ಮಾಡಬೇಕು ಎಂದರು. ಶಿಷ್ಟ ಇಂಗ್ಲಿಷನ್ನು ಬಿಡಿ ಎಂದು ಅವರು ಹೇಳಲಿಲ್ಲ. ಅಲ್ಲಿಗೆ ಹೋಗುವ ದಾರಿ ಮನೆಯಿಂದ ಹೊರಡಲಿ ಎಂದರು, ಅಷ್ಟೇ. 1996ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಶಾಲಾ ಮಂಡಳಿ ಇಂಥದ್ದೇ ನಿರ್ಣಯ ಮಾಡಿದಾಗ ಇಡೀ ಅಮೆರಿಕ ಗೇಲಿ ಮಾಡಿತು. ಗೇಲಿ ಮಾಡುವವರು ಎಲ್ಲ ದೇಶದಲ್ಲೂ ಇರುತ್ತಾರೆ ಬಿಡಿ.

ಮನೆಮಾತಿಗೆ ಮರ್ಯಾದೆ ಕೊಟ್ಟರೆ ಇಂಗ್ಲಿಷ್ ಬರುವುದಿಲ್ಲ ಎನ್ನುವವರು ಸವಣೂರಿನ ಕಡೆ ಒಮ್ಮೆ ನೋಡಲಿ. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಅಲ್ಲಿ. ಆಗ ಅದು ನವಾಬರ ಸಂಸ್ಥಾನ. ಅವರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿದರು, ಇಂಗ್ಲಿಷ್ ಪ್ರಾಧ್ಯಾಪಕರಾದರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಅವರೇ 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದು ವರದಿ ಕೊಟ್ಟರು. 1982ರಲ್ಲಿ ಡಾ. ರಾಜ್ ಬೀದಿಗಿಳಿದದ್ದು ಆ ವರದಿಗಾಗಿ. ಗೋಕಾಕರ ಗುರು ಬೇಂದ್ರೆ ಧಾರವಾಡದ ಆಡುಮಾತನ್ನೇ ಕಾವ್ಯ ಮಾಡಿ ಜ್ಞಾನಪೀಠ ಪಡೆದರು. ದೇವನೂರ ಮಹಾದೇವ ನಂಜನಗೂಡು ಸೀಮೆಯ ಮಾತಿನಲ್ಲೇ 'ಕುಸುಮಬಾಲೆ' ಬರೆದರು. ಇವರ ನೋಟುಬುಕ್ಕಿಗೆ ಕೆಂಪು ಶಾಯಿ ಹಾಕುವ ಮಾಸ್ತರ ಯಾರಿದ್ದಾರೆ?

ಸರಕಾರಗಳದ್ದು ಇನ್ನೊಂದು ನಾಟಕ. 1994ರಲ್ಲಿ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದು ಆದೇಶ ಬಂತು. 2007ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ತಂದರು. ಮಾಧ್ಯಮವನ್ನು ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ಹೇಳಿತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಈ ಎಲ್ಲ ಗದ್ದಲದಲ್ಲಿ ಎರಡು ಭಾಷೆಗಳ ಹೆಸರು ಮಾತ್ರ ಕೇಳಿತು. ಮಗು ಸಾಲಿಯ ಬಾಗಿಲಿಗೆ ತರುವ ಮೂರನೆಯ ಮಾತಿನ ಹೆಸರನ್ನು ಯಾರೂ ಎತ್ತಲಿಲ್ಲ.

ನಾವೂ ಎತ್ತಲಿಲ್ಲ. ಹೌದು, ಕನ್ನಡ ಚಳವಳಿಯವರಾದ ನಾವೇ! ಸೀಮೆಗೊಂದು ಕನ್ನಡ ಎಂದರೆ ನಾಡು ಒಡೆಯುತ್ತದೆ ಎಂಬ ಭಯ ನಮಗೆ. 1956ರಲ್ಲಿ ಒಂದಾಗುವಾಗ ನಾಲಿಗೆಯನ್ನು ವರದೆಯ ದಂಡೆಯಲ್ಲಿ ಬಿಟ್ಟು ಬನ್ನಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಾಡು ಒಡೆಯುವುದು 'ಐತಿ' ಅಂದವರಿಂದಲ್ಲ, ಅದನ್ನು ಕೇಳಿ ನಕ್ಕವರಿಂದ. ಕಹಿಯಾದರೂ ಇನ್ನೊಂದು ಮಾತು: ಈ ತಾಲ್ಲೂಕುಗಳ ಲಂಬಾಣಿ ತಾಂಡಾದ ಮಗುವಿಗೆ, ಸವಣೂರಿನ ಉರ್ದು ಮನೆಯ ಮಗುವಿಗೆ ನಮ್ಮ 'ಐತಿ'ಯೂ ಪರಭಾಷೆಯೇ. ನಮಗೆ ಕೇಳುವ ನ್ಯಾಯ ಅವರಿಗೂ ಸಲ್ಲಬೇಕು.

ಕೇಳುವುದು ದೊಡ್ಡದೇನಲ್ಲ. ಮೊದಲ ಎರಡು ವರ್ಷ ಮಗು ತನ್ನ ಮಾತಿನಲ್ಲೇ ಉತ್ತರ ಹೇಳಲಿ, ಬರೆಯಲಿ. ನೀನು 'ಮನಿ' ಅನ್ನುತ್ತಿ, ಪುಸ್ತಕ 'ಮನೆ' ಅನ್ನುತ್ತದೆ, ಇಂಗ್ಲಿಷಿನಲ್ಲಿ 'ಹೌಸ್' ಅನ್ನುತ್ತಾರೆ ಎಂದು ಮೂರನ್ನೂ ಪಕ್ಕಪಕ್ಕ ಬೋರ್ಡಿನ ಮೇಲೆ ಬರೆಯಲಿ. ಮೈಸೂರು ಕಡೆಯಿಂದ ವರ್ಗವಾಗಿ ಬರುವ ಮಾಸ್ತರರಿಗೆ ಈ ಸೀಮೆಯ ಮಾತಿನ ತರಬೇತಿ ಕೊಡಲಿ. ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯವೇ ಇದೆಯಲ್ಲ, ಅಲ್ಲಿಂದಲೇ ಕೊಡಿಸಲಿ!

ಊರು ಬಿಟ್ಟು ಬಂದ ಹುಡುಗರೇ, ಈ ಸಲ ಹಬ್ಬಕ್ಕೆ ಹೋದಾಗ ಒಂದು ತಾಸು ನಿಮ್ಮ ಹಳೆಯ ಸಾಲಿಗೆ ಹೋಗಿ. ಮಕ್ಕಳ ನೋಟುಬುಕ್ಕು ತೆರೆದು, ಕೆಂಪು ಗೆರೆ ಯಾವ ಯಾವ ಪದದ ಮೇಲೆ ಬಿದ್ದಿದೆ ಎಂದು ಬರೆದುಕೊಂಡು ಬನ್ನಿ. ನಾಲ್ಕೂ ತಾಲ್ಲೂಕಿನ ಪಟ್ಟಿ ಸೇರಿಸಿ ಬಿಇಓಗಳ ಮೇಜಿನ ಮೇಲೆ ಇಡೋಣ.