ಉತಾರ ನೋಡಿದ್ರಿ, ಗೋಡೆ ನೋಡಿದ್ರಾ?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಹಳೇ ಮನೆ ಕೊಳ್ಳೋರನ್ನ ಒಮ್ಮೆ ಗಮನಿಸಿ. ಮೊದಲು ಉತಾರ ತೆಗೆಸ್ತಾರೆ. ಅದರ ಮೇಲೆ ಬ್ಯಾಂಕಿನದೋ ಸೊಸೈಟಿಯದೋ ಬೋಜಾ ಕೂತಿದೆಯಾ ಅಂತ ನೋಡ್ತಾರೆ. ಇ.ಸಿ. ಬರುತ್ತೆ, ವಾರಸುದಾರರ ಸಹಿ ಬರುತ್ತೆ, ಮದುವೆಯಾಗಿ ಸಾಂಗಲಿಗೆ ಹೋದ ಅಕ್ಕನ ಒಪ್ಪಿಗೆ ಬರುತ್ತೆ. ವಕೀಲರು ಓದ್ತಾರೆ, ವಾಸ್ತು ನೋಡೋರು ಈಶಾನ್ಯ ಮೂಲೆ ಅಳೀತಾರೆ. ಮನೆಯ ಸರದಿ ಬಂದಾಗ ಮಾತ್ರ ಹತ್ತು ನಿಮಿಷ. "ಹೊಸಾ ಪೇಂಟ್ ಹೊಡಸ್ಯಾರ, ಚಲೋ ಐತಿ" ಅಂದು ಸಂಚಕಾರ ಕೊಟ್ಟು ಬರ್ತಾರೆ.

ಹೊಸ ಪೇಂಟ್ ಯಾಕೆ ಹೊಡೆಸಿದ್ದಾರೆ ಅಂತ ಕೇಳೋರು ಕಮ್ಮಿ. ಬೇರೆ ಕಡೆ ಇದು ಬರೀ ಅಜಾಗ್ರತೆ ಅನ್ನಿಸಬಹುದು. ಕೃಷ್ಣಾ ತೀರದಲ್ಲಿ ಹಾಗಲ್ಲ. 2005, 2019, 2021, ಈ ಮೂರೂ ವರ್ಷ ಇಲ್ಲಿಯ ಊರುಗಳಿಗೆ ನೀರು ನುಗ್ಗಿದೆ. ನಿಪ್ಪಾಣಿ ಕಡೆ ವೇದಗಂಗಾ, ದೂಧಗಂಗಾ. ಚಿಕ್ಕೋಡಿ ತಾಲೂಕಿನ ಯಡೂರು, ಮಾಂಜರಿಯಿಂದ ಹಿಡಿದು ಉಗಾರ, ಕುಡಚಿ, ಅಥಣಿಯ ನದಿದಂಡೆ ಹಳ್ಳಿಗಳವರೆಗೆ ಕೃಷ್ಣೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಗಿ ಕೊಯ್ನಾದ ಗೇಟ್ ತೆಗೆದರೆ ಕಲ್ಲೋಳ-ಯಡೂರು ಬ್ಯಾರೇಜ್ ಮುಳುಗೋದು ಇಲ್ಲಿಯವರಿಗೆ ಸುದ್ದಿಯೇ ಅಲ್ಲ. 2019ರ ಆಗಸ್ಟ್‌ನಲ್ಲಿ ಮುಳುಗಿದ್ದು ಬ್ಯಾರೇಜ್ ಮಾತ್ರ ಅಲ್ಲ, ಮನೆಗಳೂ ದಿನಗಟ್ಟಲೆ ನೀರಲ್ಲಿ ನಿಂತವು.

ಆಗ ಈ ಭಾಗದಲ್ಲಿ ಹಿಂದೆಂದೂ ಕಾಣದ ಪ್ರಮಾಣದಲ್ಲಿ ಮನೆ ತಪಾಸಣೆ ನಡೀತು. ಮಾಡಿಸಿದ್ದು ಸರ್ಕಾರ. ಕಂದಾಯ, ಪಂಚಾಯ್ತಿ ಸಿಬ್ಬಂದಿ ಜೊತೆ ಇಂಜಿನಿಯರ್‌ಗಳು ಮನೆಮನೆಗೆ ಹೋಗಿ ಹಾನಿ ಅಳೆದರು. ಶೇ. 75ಕ್ಕಿಂತ ಹೆಚ್ಚು ಹಾಳಾಗಿದ್ದರೆ 'ಎ', 25ರಿಂದ 75 ಇದ್ದರೆ 'ಬಿ', 15ರಿಂದ 25 ಇದ್ದರೆ 'ಸಿ'. ಎ ವರ್ಗಕ್ಕೆ 5 ಲಕ್ಷ ರೂಪಾಯಿ, ಸಿ ವರ್ಗಕ್ಕೆ 50 ಸಾವಿರ. ಬಿ ವರ್ಗದ ಮೊತ್ತ ಆಮೇಲೆ ಏರಿತು. ವರ್ಗ ತಪ್ಪಾಗಿದೆ ಅಂತ ಜನ ಕಚೇರಿಗಳ ಮುಂದೆ ಕೂತರು, ಹಾನಿಯೇ ಆಗದವರು ಪಟ್ಟಿ ಸೇರಿದ್ದಾರೆ ಅಂತ ದೂರುಗಳೂ ಬಂದವು. ಅದೆಲ್ಲ ನಿಮಗೂ ನೆನಪಿರಬಹುದು.

ಆ ಬಿ ಮತ್ತು ಸಿ ಮನೆಗಳು ಈಗ ಎಲ್ಲಿವೆ? ಬಹಳಷ್ಟು ಅಲ್ಲೇ ನಿಂತಿವೆ. ಬಿರುಕಿಗೆ ಸಿಮೆಂಟ್ ತುಂಬಿ, ಪ್ಲಾಸ್ಟರ್ ಎಳೆದು, ಪುಟ್ಟಿ ಹಚ್ಚಿ, ಬಣ್ಣ ಬಳಿದದ್ದಾಗಿದೆ. ಅವುಗಳಲ್ಲಿ ಯಾವುದಾದರೂ ಮಾರಾಟಕ್ಕೆ ಬಂದರೆ ಕೊಳ್ಳುವವರಿಗೆ ಅದರ ಇತಿಹಾಸ ಗೊತ್ತಾಗುವ ದಾರಿಯೇ ಇಲ್ಲ. ಇ.ಸಿ.ಯಲ್ಲಿ ಸಾಲ ಕಾಣುತ್ತೆ, ಪ್ರವಾಹ ಕಾಣಲ್ಲ. ಉತಾರದಲ್ಲಿ ಬೋಜಾ ಕಾಣುತ್ತೆ, 'ಬಿ' ಕಾಣಲ್ಲ. ಅದೇ ಸರ್ಕಾರ, ಅದೇ ತಾಲೂಕು, ಅದೇ ಆಸ್ತಿ. ಒಂದು ಕಡತದಲ್ಲಿ "ಈ ಮನೆಯ ಅರ್ಧ ಹೋಗಿದೆ" ಅಂತ ಬರೆದಿದೆ, ಇನ್ನೊಂದು ಕಚೇರಿಯಲ್ಲಿ ಅದೇ ಮನೆಗೆ ಪೂರ್ತಿ ಮೌಲ್ಯದ ಮೇಲೆ ಶೇ. 5 ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ತಾರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ. 1ರಿಂದ 2 ಆಗಿದೆ. 20 ಲಕ್ಷದ ಮನೆಗೆ ಇವೆರಡೇ 1 ಲಕ್ಷದ 40 ಸಾವಿರ. ಇಷ್ಟು ಕೊಟ್ಟವರಿಗೆ ಸರ್ಕಾರ ತನ್ನ ಹತ್ತಿರವೇ ಇರೋ ಒಂದು ಸಾಲಿನ ಮಾಹಿತಿ ಕೊಡಲ್ಲ.

ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ನಾನು, ಹಾಗಾಗಿ ಮಣ್ಣಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗೋಕೆ ಆಗಲ್ಲ. ನದಿಯ ಆಸುಪಾಸಿನದು ಬಹುತೇಕ ಎರೆ ಭೂಮಿ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತೆ. ಪಾಯ ಆಳ ಇಲ್ಲದಿದ್ದರೆ ಮನೆ ಪ್ರತಿವರ್ಷ ಒಂದಿಷ್ಟು ಮೇಲೆ ಕೆಳಗೆ ಆಡುತ್ತೆ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏರುವ, ಬೇಸಿಗೆಗೆ ಅಗಲವಾಗಿ ಮಳೆಗಾಲಕ್ಕೆ ಮುಚ್ಚಿಕೊಳ್ಳುವ ಬಿರುಕು ಪ್ಲಾಸ್ಟರಿನದಲ್ಲ, ಪಾಯದ್ದು. ಪ್ಲಾಸ್ಟರ್ ಅದನ್ನು ಒಂದೆರಡು ವರ್ಷ ಮುಚ್ಚಿಡಬಹುದು ಅಷ್ಟೆ. ಇನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೇ ಕಲ್ಲಿನ ಗೋಡೆಗಳು. ವಾರಗಟ್ಟಲೆ ನೀರಲ್ಲಿ ನಿಂತರೆ ಕಲ್ಲಿಗೆ ಏನೂ ಆಗಲ್ಲ, ಕಲ್ಲುಗಳ ನಡುವಿನ ಮಣ್ಣು ಕರಗಿ ಹೋಗುತ್ತೆ. ಹೊರಗಿನಿಂದ ನೋಡಿದರೆ ಗೋಡೆ ಗಟ್ಟಿಯಾಗೇ ಕಾಣುತ್ತೆ, ಒಳಗೆ ಪೊಳ್ಳು. ಬೆರಳಿನಿಂದ ತಟ್ಟಿ ಕೇಳಿದರೂ ಅನುಭವಿ ಗೌಂಡಿ ಹೇಳಿಬಿಡ್ತಾನೆ. ಜೊತೆಗೆ ಕಬ್ಬಿನ ನೀರು. ವರ್ಷಪೂರ್ತಿ ನೀರು ಹಾಯಿಸಿ ಹೊಲ ಸವುಳು-ಜವುಳು ಆಗೋದನ್ನ ಇಲ್ಲಿಯ ರೈತರಿಗೆ ಹೇಳಿಕೊಡಬೇಕಿಲ್ಲ. ಅದೇ ಉಪ್ಪು ಮನೆಯ ಪಾಯಕ್ಕೂ ಏರುತ್ತೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಉಬ್ಬಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳ್ತಿದ್ದರೆ ಅದು ಬಣ್ಣದ ಕಂಪನಿಯ ತಪ್ಪಲ್ಲ.

ಹಾಗಾದ್ರೆ ಮಾರುವವನು ಇದನ್ನೆಲ್ಲ ಹೇಳಬೇಕಾ? ಹೇಳಲೇಬೇಕು, ಅದೂ ಬ್ರಿಟಿಷರ ಕಾಲದಿಂದ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವನು ತಿಳಿಸಬೇಕು. ಒಪ್ಪಂದ ಬೇರೆ ಥರ ಹೇಳಿದರೆ ಬೇರೆ ಮಾತು. ತೊಡಕು ಇರೋದು "ಗೊತ್ತಿರುವ" ಅನ್ನೋ ಪದದಲ್ಲಿ. ನಾಲ್ಕು ವರ್ಷ ಆದ ಮೇಲೆ ಅವನಿಗೆ ಗೊತ್ತಿತ್ತು ಅಂತ ಹೇಗೆ ಸಾಬೀತು ಮಾಡ್ತೀರಿ? ಎ-ಬಿ-ಸಿ ಪಟ್ಟಿ ಮುಖ್ಯ ಅನ್ನೋದು ಇದಕ್ಕೇ. ಪರಿಹಾರದ ಹಣ ಯಾರ ಖಾತೆಗೆ ಬಿತ್ತೋ ಅವರಿಗೆ ಗೊತ್ತಿರಲಿಲ್ಲ ಅಂತ ವಾದಿಸೋದು ಕಷ್ಟ.

ರೇರಾ ಇದೆಯಲ್ಲ ಅಂತೀರಿ. 2016ರ ಆ ಕಾಯ್ದೆ ಬಿಲ್ಡರ್ ಕಟ್ಟಿದ ಮನೆಯ ರಚನಾ ದೋಷಕ್ಕೆ 5 ವರ್ಷದ ಹೊಣೆ ಹೊರಿಸುತ್ತೆ, ದೂರು ಕೊಟ್ಟ 30 ದಿನದಲ್ಲಿ ಖರ್ಚಿಲ್ಲದೆ ಸರಿ ಮಾಡಿಕೊಡಬೇಕು ಅನ್ನುತ್ತೆ. ಚಲೋ ಕಾನೂನು. ಆದರೆ 500 ಚದರ ಮೀಟರ್, ಅಂದ್ರೆ ಸುಮಾರು ಐದು ಗುಂಟೆ ಒಳಗಿನ ಜಾಗದ ಯೋಜನೆಗಳು, ಎಂಟಕ್ಕಿಂತ ಹೆಚ್ಚು ಫ್ಲಾಟ್ ಇಲ್ಲದವು ನೋಂದಣಿಯಿಂದಲೇ ಹೊರಗೆ. ಹಳೇ ಮನೆಯ ಮರುಮಾರಾಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟನ್ನು ಮನಸ್ಸಲ್ಲಿಟ್ಟು ಬರೆದ ಕಾಯ್ದೆಯಲ್ಲಿ ಕಾಗವಾಡದ ಪಡಸಾಲೆ ಮನೆ ಕಾಣಲ್ಲ. ಹೊಸದಾಗಿ ಕಟ್ಟಿಸಿಕೊಳ್ಳೋರಿಗೆ ಗ್ರಾಹಕ ಕಾನೂನು ಇದೆ. ಮನೆ ನಿರ್ಮಾಣ 'ಸೇವೆ'ಯ ವ್ಯಾಖ್ಯೆಯಲ್ಲೇ ಬರುತ್ತೆ, ಕೆಲಸ ಕೆಡಿಸಿದ ಗುತ್ತಿಗೆದಾರನ ಮೇಲೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕರಾರು ಕಾಗದದ ಮೇಲಿರಬೇಕು, ನಮ್ಮಲ್ಲಿ ಅದು ಇರೋದು ಬಾಯಲ್ಲಿ.

ವಾರಂಟಿ? ಬ್ರಿಟನ್ನಿನಲ್ಲಿ ಹೊಸ ಮನೆಗೆ ಸಾಮಾನ್ಯವಾಗಿ ಹತ್ತು ವರ್ಷದ ವಾರಂಟಿ ಬರುತ್ತೆ, ಮೊದಲೆರಡು ವರ್ಷ ಬಿಲ್ಡರ್ ಹೊಣೆ, ಉಳಿದದ್ದಕ್ಕೆ ವಿಮೆ. ನಮ್ಮಲ್ಲಿ ಹತ್ತಿರದ್ದು ಅಂದ್ರೆ 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಲೇಬೇಕಾದ 'ಭಾರತ್ ಗೃಹ ರಕ್ಷಾ' ಪಾಲಿಸಿ. ಪ್ರವಾಹ ಅದರಲ್ಲಿ ಸೇರಿದೆ, ನದಿದಂಡೆಯವರು ಮಾಡಿಸಬೇಕಾದ್ದೇ. ಆದರೆ ನೆಲ ಕುಸಿತದ ಭಾಗವನ್ನು ಕಣ್ಣು ಕಿರಿದು ಮಾಡಿ ಓದಿ: ಮಾಮೂಲಿ ಬಿರುಕು, ತುಂಬಿಸಿದ ನೆಲದ ಕುಸಿತ, ನದಿ ಕೊರೆತ, ಕಳಪೆ ಕೆಲಸ, ಕಳಪೆ ಸಾಮಗ್ರಿ ಎಲ್ಲ ಹೊರಗೆ. ಅಂದ್ರೆ ಎರೆ ಭೂಮಿಯ ದಿನನಿತ್ಯದ ಕಾಯಿಲೆಗೆ ವಿಮೆ ಇಲ್ಲ. ಕೊಳ್ಳುವ ಮೊದಲೇ ನೋಡಿಕೊಳ್ಳೋದು ಬಿಟ್ಟು ದಾರಿ ಇಲ್ಲ.

ಆದ್ದರಿಂದ ಬೇಡಿಕೆ ಸರಳ. 2019ರ ಮತ್ತು ನಂತರದ ಹಾನಿ ವರ್ಗವನ್ನು ಇ-ಸ್ವತ್ತು, ಇ-ಖಾತೆಯಲ್ಲಿ ಒಂದು ಸಾಲಾಗಿ ಸೇರಿಸಿ, ಪಕ್ಕದಲ್ಲೇ ದುರಸ್ತಿಯ ವಿವರಕ್ಕೂ ಜಾಗ ಕೊಡಿ. ಇದಕ್ಕೊಂದು ಗಟ್ಟಿ ಆಕ್ಷೇಪ ಇದೆ. ಪರಿಹಾರ ತಗೊಂಡು ಪ್ರಾಮಾಣಿಕವಾಗಿ ಪಾಯದಿಂದ ಕಟ್ಟಿಕೊಂಡ ಬಡವನ ಮನೆಯ ಬೆಲೆಯೂ ಬೀಳುತ್ತೆ. ತಪ್ಪು ವರ್ಗ ಬಿದ್ದವನಿಗೆ ಎರಡನೇ ಸಲ ಅನ್ಯಾಯ ಆಗುತ್ತೆ. ನಿಜ. ಅದಕ್ಕೇ ದುರಸ್ತಿಯ ಸಾಲೂ ಬೇಕು, ತಕರಾರು ಹೇಳುವ ಅವಕಾಶವೂ ಬೇಕು. ಆದರೆ ಈಗಿನ ಮೌನದ ಬೆಲೆಯನ್ನೂ ಬಡವರೇ ಕಟ್ತಿದ್ದಾರೆ. ನದಿದಂಡೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳೋನು ಶ್ರೀಮಂತ ಅಲ್ಲ.

ಅಲ್ಲಿಯವರೆಗೆ ಸಂಚಕಾರದ ಕರಾರಿನಲ್ಲೇ ಒಂದು ವಾಕ್ಯ ಬರೆಸಿ: ಈ ಮನೆಗೆ 2005ರಿಂದ ಈಚೆಗೆ ನೀರು ಬಂದಿದೆಯೇ, ಎಲ್ಲಿಯವರೆಗೆ, ಪರಿಹಾರ ಯಾವ ವರ್ಗದಲ್ಲಿ ಬಂತು. ಮಾರುವವರು ಉತ್ತರಿಸಿ ಸಹಿ ಹಾಕಲಿ. ತಹಶೀಲ್ದಾರ್ ಕಚೇರಿಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ. ಒಬ್ಬ ಸಿವಿಲ್ ಇಂಜಿನಿಯರನ್ನ ಕರ್ಕೊಂಡು ಹೋಗಿ. ಚಿಕ್ಕೋಡಿ, ನಿಪ್ಪಾಣಿಯ ಕಾಲೇಜುಗಳಿಂದ ಪ್ರತಿವರ್ಷ ಹೊರಬೀಳೋ ಹುಡುಗ-ಹುಡುಗಿಯರಿಗೂ ಊರಲ್ಲೇ ಒಂದು ಕೆಲಸ ಆದೀತು. ಸಾಧ್ಯವಾದರೆ ಎರಡು ಸಲ ಹೋಗಿ: ಒಮ್ಮೆ ಮೇ ತಿಂಗಳಲ್ಲಿ, ಒಮ್ಮೆ ಆಗಸ್ಟ್‌ನಲ್ಲಿ.