ಮೂರನೇ ಹಂತದ ಶುದ್ಧೀಕರಣ ಕೋಲಾರದ ಹಕ್ಕು



ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೇಳಿದಾಗಲೆಲ್ಲ ನಮಗೆ ಸಿಗುವುದು ಒಂದೇ ಉತ್ತರ: ಎರಡು ಹಂತದಲ್ಲಿ ಶುದ್ಧವಾಗಿದೆ, ಉಳಿದದ್ದು ಕೆರೆಯಿಂದ ಕೆರೆಗೆ ಹರಿಯುತ್ತ ತಿಳಿಯಾಗುತ್ತದೆ. ಇದು ಅರ್ಧ ಸತ್ಯ ಮಾತ್ರ.

ಯೋಜನೆಯ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಸಾವಿರ ಅಡಿ ಕೊರೆದರೂ ಕೊಳವೆಬಾವಿ ಬತ್ತುತ್ತಿದ್ದ ಜಿಲ್ಲೆ ಇದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ನೀರು ಬಂದಾಗ ರೈತರು ಸಂಭ್ರಮಿಸಿದ್ದು ಸಹಜವೇ. ಮರುತಿಂಗಳೇ ನೊರೆ ಕಾಣಿಸಿ, ಹೈಕೋರ್ಟ್ ತಡೆ ಕೊಟ್ಟು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ತಡೆ ತೆರವಾಗಿ ಈಗ ನೀರು ಹರಿಯುತ್ತಿದೆ, ಪ್ರಶ್ನೆ ಮಾತ್ರ ಅಲ್ಲೇ ನಿಂತಿದೆ.

ಎರಡನೇ ಹಂತದಲ್ಲಿ ತೊಟ್ಟಿಗೆ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಅವು ಕೊಳೆಯನ್ನು ತಿಂದು ಗಸಿಯಾಗಿ ತಳಕ್ಕೆ ಕೂರುತ್ತವೆ. ಬಿಒಡಿ, ಅಂದರೆ ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ, ಇಳಿಯುತ್ತದೆ, ನೀರು ಕಣ್ಣಿಗೆ ತಿಳಿಯಾಗಿಯೂ ಕಾಣುತ್ತದೆ. ಆದರೆ ಮೂತ್ರದ ಸಾರಜನಕ, ಮಲ ಮತ್ತು ಸೋಪಿನ ಪುಡಿಯ ರಂಜಕ ಬಹುಪಾಲು ನೀರಿನಲ್ಲೇ ಉಳಿದಿರುತ್ತವೆ. ಗಾಳಿ ತಗುಲಿ, ಅಮೋನಿಯಾ ರೂಪದ ಸಾರಜನಕ ನೈಟ್ರೇಟ್ ಆಗುತ್ತದೆ ಅಷ್ಟೆ. ಆ ನೈಟ್ರೇಟ್ ಅನಿಲವಾಗಿ ಹೊರಹೋಗಲು ಆಮ್ಲಜನಕವಿಲ್ಲದ ಇನ್ನೊಂದು ತೊಟ್ಟಿ ಬೇಕು. ರಂಜಕ ಇಳಿಯಬೇಕಾದರೆ ಆಲಂ ಅಥವಾ ಕಬ್ಬಿಣದ ಲವಣ ಬೆರೆಸಬೇಕು, ಇಲ್ಲವೇ ಅದನ್ನು ಹೀರುವ ಬ್ಯಾಕ್ಟೀರಿಯಾಗಳನ್ನೇ ಬೆಳೆಸಬೇಕು. ಇವಿಲ್ಲದಿದ್ದರೆ ಕೆರೆಗೆ ನಾವು ಬಿಡುವುದು ಗೊಬ್ಬರ ಕರಗಿದ ನೀರು. ಅಲ್ಲಿ ಪಾಚಿಯೂ ಅಂತರಗಂಗೆಯೂ ಹಬ್ಬುತ್ತವೆ, ರಾತ್ರಿ ಹೊತ್ತು ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಮೊದಲ ಕೆರೆಗಳು ಒಂದಿಷ್ಟನ್ನು ಹೀರಿಕೊಳ್ಳುವುದು ನಿಜ. ಆದರೆ ಹೀರಿದ ರಂಜಕ ಅವುಗಳ ಹೂಳಿನಲ್ಲೇ ಕೂಡಿಕೊಳ್ಳುತ್ತಾ ಹೋಗುತ್ತದೆ. ನೈಟ್ರೇಟ್ ಅಂತರ್ಜಲಕ್ಕೆ ಇಳಿಯುತ್ತದೆ, ಕುದಿಸಿದರೂ ಹೋಗುವುದಿಲ್ಲ. ನಮ್ಮ ಹಳ್ಳಿಗಳು ಕುಡಿಯುವುದು ಅದೇ ಅಂತರ್ಜಲವನ್ನು.

ಕೇಂದ್ರ ಪರಿಸರ ಸಚಿವಾಲಯವು 2017ರಲ್ಲಿ ಹೊರಡಿಸಿದ ಕೊಳಚೆ ಶುದ್ಧೀಕರಣ ಘಟಕಗಳ ಮಾನದಂಡದಲ್ಲಿ ಸಾರಜನಕಕ್ಕೂ ರಂಜಕಕ್ಕೂ ಮಿತಿಯೇ ಇರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಇನ್ನೂ ಬಿಗಿಯಾದ ಮಾನದಂಡ ಬೇಕೆಂದು ಹೇಳಿತು. ಮಿತಿ ಹಾಕದ ವಸ್ತುವನ್ನು ಅಳೆಯದೆ ಘಟಕ ಪಾಸಾಯಿತೆಂದರೆ ಕೆರೆಗೆ ಏನು ಬಂತು?

ಸಾರಜನಕ, ರಂಜಕ ತೆಗೆಯುವುದು ಆಗದ ಕೆಲಸವಂತೂ ಅಲ್ಲ. ಅಮೆರಿಕದ ವಾಷಿಂಗ್ಟನ್ ನಗರದ ಬ್ಲೂ ಪ್ಲೇನ್ಸ್ ಘಟಕದ ಸಾಮರ್ಥ್ಯ ದಿನಕ್ಕೆ ಸುಮಾರು 145 ಕೋಟಿ ಲೀಟರ್. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೆ ಮುಂಚೆ ಬೆಂಗಳೂರಿಗೆ ಬರುತ್ತಿದ್ದ ನೀರೂ ಹೆಚ್ಚುಕಡಿಮೆ ಅಷ್ಟೇ. ಆ ಘಟಕದ ನೀರು ಪೊಟೊಮ್ಯಾಕ್ ನದಿ ಸೇರಿ, ಕೆಳಗೆ ಚೆಸಪೀಕ್ ಕೊಲ್ಲಿ ಮುಟ್ಟುತ್ತದೆ. 1960ರ ದಶಕದಲ್ಲಿ ಆ ನದಿ ಬೇಸಿಗೆಯಲ್ಲಿ ಪಾಚಿ ಕಟ್ಟಿ ನಾರುತ್ತಿತ್ತು. ಘಟಕದಲ್ಲಿ ಮೊದಲು ರಂಜಕ ತೆಗೆದರು. ಆಮೇಲೆ ಬ್ಯಾಕ್ಟೀರಿಯಾಗಳಿಗೆ ಮೆಥನಾಲ್ ಉಣಿಸಿ ನೈಟ್ರೇಟನ್ನೂ ತೆಗೆದರು. ಪಾಚಿ ತಗ್ಗಿ, ನದಿಯ ತಳದಲ್ಲಿ ಹುಲ್ಲು ಮತ್ತೆ ಬೆಳೆಯಿತು. ಅಲ್ಲಿ ಲೆಕ್ಕ ಹಿಡಿದದ್ದು ಕೊಲ್ಲಿಯ ಆರೋಗ್ಯದಿಂದ. ನಮ್ಮಲ್ಲಿ ಎಷ್ಟು ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್) ಹರಿಸಿದೆವು ಎಂಬುದೇ ಸಾಧನೆ.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ಬೆಂಗಳೂರಿಗೆ ಇನ್ನೂ 775 ಎಂಎಲ್‌ಡಿ ಸೇರಿದೆ. ಅದರ ಬಹುಪಾಲು ಕೊಳಚೆಯಾಗಿ ಹೊರಬರಲೇಬೇಕು. ಆದ್ದರಿಂದ ಸರ್ಕಾರ ಹೊಸ ಕೊಳವೆಗಳಿಗೆ ಹಣ ಕೊಡುವ ಮುನ್ನ, ಕೋಲಾರಕ್ಕೆ ನೀರು ಕಳಿಸುವ ಘಟಕಗಳಲ್ಲಿ ಸಾರಜನಕ, ರಂಜಕ ತೆಗೆಯುವ ವ್ಯವಸ್ಥೆಯನ್ನು ಕಾಲಮಿತಿಯೊಳಗೆ ಮಾಡಲಿ. ಅಲ್ಲಿಯವರೆಗೆ ಪ್ರತಿ ತಿಂಗಳ ಪರೀಕ್ಷಾ ಫಲಿತಾಂಶವನ್ನು, ಸುತ್ತಲಿನ ಕೊಳವೆಬಾವಿಗಳ ನೈಟ್ರೇಟ್ ಪ್ರಮಾಣದ ಸಮೇತ, ನೀರು ಪಡೆಯುವ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಲಿ.

— ಓದುಗ, ಕೋಲಾರ ತಾಲ್ಲೂಕು